ವಿಶ್ರಾಂತಿಯ ಚಾರ್ಟು

"ಎರಡು ಗಂಟೆಯಿಂದ ಮೂರೂಕಾಲಿನವರೆಗೆ ವಿಶ್ರಾಂತಿ," ಎಂದು ಗುಮಾಸ್ತರು ಗಟ್ಟಿಯಾಗಿ ಓದಿ, ಸ್ಕೇಲು ಇಟ್ಟು ಅದರ ಕೆಳಗೊಂದು ಗೆರೆ ಎಳೆದರು. "ಮೂರೂಕಾಲಿಗೆ ಎದ್ರೆ ಮೂರೂವರೆಯ ಎಣ್ಣೆ ಮಸಾಜಿಗೆ ಸರಿಹೋಗತ್ತೆ. ಮಧ್ಯೆ ಹದಿನೈದು ನಿಮಿಷ ಬಿಟ್ಟಿದೀನಿ. ಧಾವಂತ ಮಾಡ್ಕೋಬೇಡ."

ಊಟದ ಮೇಜಿನ ಆಚೆ ಬದಿಯಲ್ಲಿ ಹೆಂಡತಿ ಬೀನ್ಸಿನ ನಾರು ತೆಗೆಯುತ್ತಿದ್ದಳು. "ಹೂಂ," ಎಂದಳು. ತಲೆ ಎತ್ತಲಿಲ್ಲ.

ಬಸ್ ಡಿಪೋದಲ್ಲಿ ಚಾಲಕರ ಡ್ಯೂಟಿ ಚಾರ್ಟು ಬರೆಯುವುದು ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಕಂಪ್ಯೂಟರ್ ಬಂದ ಮೇಲೂ ಮೊದಲು ಕಾಗದದ ಮೇಲೆ ಗೆರೆ ಎಳೆಯದಿದ್ದರೆ ಅವರ ತಲೆ ಓಡುವುದಿಲ್ಲ. ಡಿಪೋದವರು ಬೆನ್ನ ಹಿಂದೆ ಅವರನ್ನು ಚಾರ್ಟಪ್ಪ ಎನ್ನುತ್ತಾರೆ. ಅದು ಅವರಿಗೂ ಗೊತ್ತು. ಮೇಲೆ ಮುನಿಸು ತೋರಿಸಿದರೂ ಒಳಗೊಳಗೇ ಖುಷಿ. ಯಾವ ಚಾಲಕನ ಕಣ್ಣು ಇಳಿಸಂಜೆಯಲ್ಲಿ ಮಂಕಾಗುತ್ತದೆ, ಯಾರ ಮಗುವಿಗೆ ವಾರಕ್ಕೊಮ್ಮೆ ಆಸ್ಪತ್ರೆ, ಎಲ್ಲವೂ ಅವರಿಗೆ ಬಾಯಿಪಾಠ.

ಹೆಂಡತಿಗೆ ಮಾತ್ರ ಮೂರು ತಿಂಗಳಿಂದ ನಿದ್ದೆ ಬರುತ್ತಿರಲಿಲ್ಲ. ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆ ತೀರಿಕೊಂಡು ಮೂರು ತಿಂಗಳಾಗಿತ್ತು. ಮಕ್ಕಳಿಲ್ಲದ ಮನೆ, ಇನ್ನಾದರೂ ಕಾಲು ಚಾಚಿ ಮಲಗಬಹುದು ಎಂದು ಎಲ್ಲರೂ ಅಂದುಕೊಂಡರು. ಅವಳು ಮಾತ್ರ ಎರಡು ಗಂಟೆಗೊಮ್ಮೆ ಗಡಿಯಾರದ ಹಾಗೆ ಎದ್ದು, ಖಾಲಿ ಮಂಚದ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಮೈ ಇಳಿದು ಬಳೆ ಮೊಣಕೈವರೆಗೂ ಏರುತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿ ಬದಲಿಸಿ ಸುಸ್ತಾಗಿ, "ಇದು ಔಷಧಿಯಿಂದ ಹೋಗೋದಲ್ಲ. ಎಲ್ಲಾದರೂ ಕರಕೊಂಡು ಹೋಗಿ. ಹೀಗೇ ಬಿಟ್ಟರೆ ಇವರು ನಿಮ್ಮ ಕೈಗೆ ಉಳಿಯಲ್ಲ," ಎಂದುಬಿಟ್ಟಿದ್ದರು.

ಮಾರನೆಯ ದಿನವೇ ಗುಮಾಸ್ತರು ಯಾರಿಂದಲೋ ಒಂದು ಕರಪತ್ರ ತಂದರು. ಸಮುದ್ರದ ದಂಡೆಯ ಊರೊಂದರಲ್ಲಿ ಆರೋಗ್ಯಧಾಮ. ಮಸಾಜು, ಧ್ಯಾನ, ಉಸಿರಾಟದ ಪಾಠ, ಮರಳಿನ ಮೇಲೆ ನಡಿಗೆ. ಡಿಪೋದಿಂದಲೇ ಫೋನ್ ಮಾಡಿ ಇಬ್ಬರಿಗೆ ಐದು ದಿನದ ಕೋಣೆ ಹೇಳಿದರು. ಇವತ್ತು ಸಂಜೆ ಐದರೊಳಗೆ ಖಾತ್ರಿಪಡಿಸಬೇಕು. ಅಮ್ಮನ ಕರ್ಮದ ದಿನಗಳನ್ನು ಬಿಟ್ಟರೆ ಹನ್ನೊಂದು ವರ್ಷದ ನಂತರ ಅವರು ರಜೆ ಅರ್ಜಿ ಬರೆದದ್ದನ್ನು ನೋಡಿ ಡಿಪೋ ಮ್ಯಾನೇಜರು, "ಏನ್ರೀ, ಬಸ್ಸು ಓಡ್ತವೋ ಇಲ್ವೋ?" ಎಂದು ನಕ್ಕಿದ್ದರು.

"ಎಲ್ಲಿ, ಕೊಡಿ ನೋಡೋಣ," ಎಂದು ಹೆಂಡತಿ ಕೈ ಒರೆಸಿಕೊಂಡು ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು.

ಅಂದವಾದ ಚಾರ್ಟು. ದಿನಕ್ಕೊಂದು ಪುಟ, ಪುಟಕ್ಕೆ ನಾಲ್ಕು ಕಲಂ: ಸಮಯ, ಕೆಲಸ, ಯಾರು, ಬದಲಿ. ಅವಳು ಬೆರಳಿಟ್ಟು ಓದತೊಡಗಿದಳು. "ಐದೂವರೆ, ಏಳುವುದು. ಐದೂ ಮುಕ್ಕಾಲು, ಫ್ಲಾಸ್ಕಿಗೆ ಬಿಸಿನೀರು. ಆರು, ಬಿ.ಪಿ. ಮಾತ್ರೆ ಕೊಡುವುದು. ಬಿ.ಪಿ. ಯಾರಿಗೆ? ನಂಗಿಲ್ವಲ್ಲ."

"ನಂಗೆ. ಮರೆತುಹೋಗತ್ತಲ್ಲ, ಅದಕ್ಕೆ ಬರೆದೆ."

"ಯಾರು ಅನ್ನೋ ಕಡೆ ನನ್ನ ಹೆಸರಿದೆ. ಕೆಳಗೆಲ್ಲ ಸದರಿ, ಸದರಿ, ಸದರಿ."

ಮೇಲಿನ ಹೆಸರೇ ಕೆಳಗೂ ಎನ್ನುವುದಕ್ಕೆ ಕಚೇರಿಯಲ್ಲಿ ಬರೆಯುವ ಪದ. "ಕೈ ಅಭ್ಯಾಸ ಕಣೇ," ಎಂದರು ಗುಮಾಸ್ತರು.

"ಟವೆಲ್ ಒಣಗಿಸುವುದು, ಸದರಿ. ವಿಶ್ರಾಂತಿ, ಸದರಿ. ಮೂರೂಕಾಲಿಗೆ ಯಜಮಾನರನ್ನು ಎಬ್ಬಿಸುವುದು, ಸದರಿ." ಅವಳಿಗೆ ನಗು ಬಂತು. ಅತ್ತೆ ತೀರಿಕೊಂಡ ಮೇಲೆ ಅವಳು ನಕ್ಕದ್ದು ಇದೇ ಮೊದಲು. ಗುಮಾಸ್ತರೂ ಸಮಾಧಾನದಿಂದ ನಕ್ಕರು. ಆದರೆ ಅವರ ನಗು ಮುಗಿದ ಮೇಲೂ ಅವಳದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಅಲುಗುತ್ತಲೇ ಇತ್ತು.

"ರಬ್ಬರ್ ತರ್ತೀನಿ, ಅಳಿಸಿ ಬರೆದ್ರಾಯ್ತು," ಎಂದು ಎದ್ದರು.

ರಬ್ಬರ್ ಇದ್ದದ್ದು ಅಮ್ಮನ ಕೋಣೆಯ ಕಪಾಟಿನಲ್ಲಿ. ಹಾಸಿಗೆ ಮಡಿಚಿಟ್ಟ ಕಬ್ಬಿಣದ ಮಂಚ, ಫಿನಾಯಿಲಿನ ವಾಸನೆ. ಮಂಚದ ತಲೆಗಟ್ಟಿನ ಗೋಡೆಯ ಮೇಲೆ ಅವರೇ ಬರೆದು ಅಂಟಿಸಿದ ಹಳೆಯ ಚಾರ್ಟು ಇತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಹೊರಳಿಸಬೇಕು ಎಂದು ಆಸ್ಪತ್ರೆಯವರು ಹೇಳಿದ ದಿನವೇ ಬರೆದದ್ದು. ಎಡಕ್ಕೆ, ಅಂಗಾತ, ಬಲಕ್ಕೆ. ನೋಡಲು ಬಂದವರೆಲ್ಲ, ತಾಯಿಯ ಸೇವೆ ಅಂದರೆ ಇದು ಎಂದು ಹೊಗಳಿ ಹೋಗಿದ್ದರು. ಹೊಗಳಿಕೆಯನ್ನು ಅವರು ಸುಮ್ಮನೆ ತೆಗೆದುಕೊಂಡಿದ್ದರು.

ಇವತ್ತು ಅದನ್ನು ಅವರು ಡಿಪೋದ ಕಣ್ಣಿನಿಂದ ನೋಡಿದರು. ದಿನಕ್ಕೆ ಹನ್ನೆರಡು ಸಾಲು. ಮೊದಲ ಸಾಲಿನಲ್ಲಿ "ಸೊಸೆ". ಕೆಳಗೆ ಹನ್ನೊಂದು ಸಲ "ಸದರಿ". ಬದಲಿ ಎಂಬ ಕಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಸ್ಕೇಲು ಹಿಡಿದು ಎಳೆದ ಒಂದೇ ಗೆರೆ. ಅಲ್ಲಿ ಯಾರೂ ಇಲ್ಲ ಎಂದು ಅಷ್ಟು ನೀಟಾಗಿ ತೋರಿಸಿದ್ದರು.

ಹಿಂದೊಮ್ಮೆ ಅವರ ಕೈಕೆಳಗಿನವನೊಬ್ಬ ಒಬ್ಬನೇ ಚಾಲಕನನ್ನು ಬದಲಿ ಇಲ್ಲದೆ ಮೂರು ದಿನ ಓಡಿಸಿದ್ದ. ಆ ಚಾರ್ಟನ್ನು ಅವನ ಮುಖದ ಮೇಲೇ ಹರಿದು, "ಇದು ಡ್ಯೂಟಿ ಅಲ್ಲಯ್ಯ, ಕೊಲೆ," ಎಂದು ಇಡೀ ಡಿಪೋ ಕೇಳುವಂತೆ ಕೂಗಾಡಿದ್ದರು. ಅಮ್ಮ ಮಲಗಿದ ನಾಲ್ಕನೆಯ ವರ್ಷದಲ್ಲೋ ಐದನೆಯದರಲ್ಲೋ ನಡೆದ ಮಾತು. ಆ ಸಂಜೆ ಮನೆಗೆ ಬಂದು ಅದನ್ನು ಹೆಂಡತಿಗೂ ಹೆಮ್ಮೆಯಿಂದ ಹೇಳಿದ್ದರು. ಅವಳು ಆಗಲೂ "ಹೂಂ" ಎಂದಿದ್ದಳು.

ರಬ್ಬರ್ ಇಲ್ಲದೆಯೇ ಹೊರಗೆ ಬಂದರು. ಹೆಂಡತಿ ಮುಖ ತೊಳೆದುಕೊಂಡು ಮತ್ತೆ ಬೀನ್ಸಿನ ಮುಂದೆ ಕೂತಿದ್ದಳು.

"ಒಂದು ಮಾತು ಹೇಳ್ಲಾ?" ಎಂದಳು. "ನಾನೊಬ್ಳೇ ಹೋಗ್ತೀನಿ."

"ಒಬ್ಳೇ ಯಾಕೆ? ರಜೆ ಮಂಜೂರಾಗಿದೆ. ನಿನಗೋಸ್ಕರ ತಾನೇ ಇಷ್ಟೆಲ್ಲ..."

"ನೀವು ಪಕ್ಕದಲ್ಲಿದ್ರೆ ನಂಗೆ ನಿದ್ದೆ ಬರಲ್ಲ ರೀ. ನೀವು ಹೊರಳಿದ್ರೆ ನಾನು ಎದ್ದು ಕೂತಿರ್ತೀನಿ. ನೀವು ಕೆಮ್ಮೋದು ಥೇಟ್ ಅತ್ತೆ ಥರ. ಕೇಳಿದ್ರೆ ಕೈ ತಾನಾಗೇ ಬೇಸಿನ್ ಹುಡುಕತ್ತೆ."

ಅವರ ಮುಖ ಚಿಕ್ಕದಾಯಿತು. "ನೀನು ಒಂದು ದಿನಾನೂ ಬಾಯಿಬಿಟ್ಟು ಹೇಳಲಿಲ್ಲ," ಎಂದರು.

"ಒಂದ್ಸಲ ಹೇಳಿದ್ದೆ. ಎರಡನೇ ವರ್ಷ. ಭಾನುವಾರ ಒಂದು ದಿನ ನೀವು ನೋಡ್ಕೊಳ್ತೀರಾ, ನಾನು ಮಲಕ್ಕೊಳ್ತೀನಿ ಅಂತ. ನೋಡೋಣ ಅಂದ್ರಿ."

ನೆನಪು ಮಾಡಿಕೊಳ್ಳಲು ನೋಡಿದರು. ಬರಲಿಲ್ಲ. ಚಾಲಕರ ಮಕ್ಕಳ ಕಾಯಿಲೆಯೆಲ್ಲ ನೆನಪಿರುವ ಮನುಷ್ಯನಿಗೆ ಆ ಭಾನುವಾರ ನೆನಪಾಗಲಿಲ್ಲ. ಹಾಗೆಂದು ಹೇಳಲೂ ನಾಚಿಕೆಯಾಯಿತು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಸಿಟ್ಟೂ ಇರಲಿಲ್ಲ.

ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ಅವರು ಮೊಬೈಲ್ ತೆಗೆದು, ಕರಪತ್ರದ ನಂಬರು ನೋಡಿ ಒತ್ತಿದರು.

"ನಮಸ್ಕಾರ ಸರ್, ಇಬ್ಬರಿಗೆ ಅಲ್ವಾ?" ಎಂದಿತು ಆ ಕಡೆಯ ಹುಡುಗಿಯ ಸ್ವರ.

ಗುಮಾಸ್ತರು ಚಾರ್ಟನ್ನು ಪಕ್ಕಕ್ಕೆ ಸರಿಸಿದರು. "ಇಲ್ಲಮ್ಮ. ಒಬ್ಬರಿಗೆ. ನಮ್ಮ ಮನೆಯವರು ಬರ್ತಾರೆ."

"ಆಯ್ತು ಸರ್. ಶನಿವಾರ ಬರ್ತಾರೆ. ಐದೇ ದಿನಾನಾ, ಯಾವತ್ತು ವಾಪಸ್ ಅಂತ ಬರ್ಕೊಳ್ಲಿ?"

ಅವರು ಫೋನಿನ ಮೇಲೆ ಅಂಗೈ ಮುಚ್ಚಿ ಹೆಂಡತಿಯ ಕಡೆ ತಿರುಗಿದರು. "ವಾಪಸ್ ಯಾವತ್ತು ಅಂತ ಕೇಳ್ತಿದಾಳೆ."

ಅವಳು ಕೈಯಲ್ಲಿದ್ದ ಬೀನ್ಸನ್ನು ಪೂರ್ತಿ ಬಿಡಿಸಿ ಮುಗಿಸಿದಳು. "ಅದನ್ನ ಈಗಲೇ ಹೇಳ್ಬೇಕಾ?" ಎಂದಳು.

ಹೊರಡುವ ಬಸ್ಸಿಗೆಲ್ಲ ಮರಳುವ ಹೊತ್ತು ಬರೆದೇ ಗೊತ್ತಿದ್ದವರು ಅವರು. ಅಂಗೈ ತೆಗೆದು, "ಗೊತ್ತಿಲ್ಲಮ್ಮ. ಹಾಗೆ ಇರೋಕೆ ಬಿಡ್ತೀರಾ?" ಎಂದು ಕೇಳಿದರು. ದನಿ ತಮ್ಮದೇ ಅನ್ನಿಸಲಿಲ್ಲ.

"ಮೇಡಮ್ಮನ್ನ ಕೇಳ್ಕೊಂಡು ಬರ್ತೀನಿ, ಲೈನಲ್ಲೇ ಇರಿ ಸರ್."

ಹುಡುಗಿ ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಚಪ್ಪಲಿಯ ಸದ್ದು, ಆಮೇಲೆ ಏನೂ ಇಲ್ಲ. ಏನೂ ಇಲ್ಲ ಅಂದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಎಲ್ಲೋ ಒಂದು ದೊಡ್ಡ ಸದ್ದು ಎದ್ದು, ಎಳೆದುಕೊಂಡು ಹೋಗಿ, ನಿಂತು, ಮತ್ತೆ ಎದ್ದದ್ದು ಕೇಳಿಸಿತು. ಸಮುದ್ರ.

ಅವರು ಮೇಜು ಬಳಸಿ ಹೋಗಿ, ಮೊಬೈಲನ್ನು ಹೆಂಡತಿಯ ಕಿವಿಗೆ ಹಿಡಿದರು. ಅವಳ ಕೈ ಒದ್ದೆಯಾಗಿತ್ತು, ತೆಗೆದುಕೊಳ್ಳಲಿಲ್ಲ. ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ತಲೆಯನ್ನು ಅವರ ಕೈಯ ಕಡೆಗೆ ಸ್ವಲ್ಪ ವಾಲಿಸಿ ಕಣ್ಣು ಮುಚ್ಚಿದಳು. ಅವಳ ಉಸಿರು ನಿಧಾನವಾಯಿತು.

ಆ ಕಡೆಯ ಹುಡುಗಿ ಬರಲಿಲ್ಲ. ಐದಾಯಿತು, ಐದು ದಾಟಿತು. ಬಾಗಿ ನಿಂತು ಗುಮಾಸ್ತರ ಸೊಂಟ ಹಿಡಿಯಿತು, ತೋಳು ಜೋಮು ಹತ್ತಿತು. ಕೆಮ್ಮು ಬಂದು ಗಂಟಲಲ್ಲಿ ಕೂತಿತು. ಅವರು ಅದನ್ನು ಅದುಮಿಕೊಂಡು, ಕೈ ಬದಲಿಸದೆ ಹಾಗೇ ನಿಂತರು.