ಪ್ರಶ್ನೆ ಮುಗಿಯುವ ಮೊದಲೇ

ಕನ್ನಡ ಶಾಲೆಗಳ ಭೂಗೋಳ ಸ್ಪರ್ಧೆ. ಅಕ್ಕಲಕೋಟೆಯ ಸುತ್ತಿನಲ್ಲಿ ಲಕ್ಷ್ಮೀಕಾಂತ ಸರ್ "ಜಗತ್ತಿನ ಅತ್ಯಂತ ಉದ್ದದ..." ಎಂದು ರಾಗ ಎಳೆದದ್ದಷ್ಟೇ, ವಳಸಂಗದ ಛಾಯಾ ಗಂಟೆ ಒತ್ತಿ "ಟಾಂಗಾನಿಕಾ ಸರೋವರ" ಅಂದಳು. ಅಷ್ಟು ಕೇಳಿದರೆ ಯಾರ ಬಾಯಿಗೂ ಬರುವುದು ನೈಲ್ ನದಿ. ಆದರೆ ಪ್ರಶ್ನೆಯಲ್ಲಿದ್ದದ್ದು ಸಿಹಿನೀರಿನ ಸರೋವರವೇ. ಮುಂದೆ "ದಕ್ಷಿಣ ಅಮೆರಿಕದಲ್ಲಿ ಸಮುದ್ರವಿಲ್ಲದ ಎರಡು ದೇಶಗಳ ಪೈಕಿ..." ಅನ್ನುವಷ್ಟರಲ್ಲಿ "ಪರಾಗ್ವೆ" ಬಂತು. ಅದೂ ಸರಿ. ಬೊಲಿವಿಯಾ ಯಾಕಲ್ಲ ಎಂದು ಕೇಳಲು ಯಾರಿಗೂ ಪುರುಸೊತ್ತು ಸಿಗಲಿಲ್ಲ.

ಸಿಕ್ಕಿದ್ದು ಬಸಯ್ಯನವರಿಗೆ. ಎರಡನೆಯ ಸ್ಥಾನದಲ್ಲಿದ್ದ ಕಾಂತೇಶನ ತಂದೆ. ಕಂದಲಗಾಂವದಲ್ಲಿ ತೋಟ, ಮಾತಿನಲ್ಲಿ ಕಾಟ.

"ಗುರೂಜಿ, ಇದು ಭೂಗೋಳ ಸ್ಪರ್ಧಾನೋ, ಮೈಲಾರನ ಕಾರ್ಣಿಕೋ? ಪ್ರಶ್ನಾ ಬರೂಕಿಂತ ಮದ್ಲ ಉತ್ತರಾ ಬರ್ತದ. ಪೇಪರ ಫುಟ್ಯಾದ, ಪ್ರಶ್ನಾ ಹೊರಗ ಬಿದ್ದಾವ, ಪಕ್ಕಾ."

ಇದನ್ನು ಅವರು ಹೇಳಿದ್ದು ಛಾಯಾಳ ಭೂಗೋಳ ಮೇಷ್ಟ್ರು ಸಿದ್ಧರಾಮನಿಗೆ. ಕಾರಣವಿತ್ತು. ಪ್ರಶ್ನೆ ಕೇಳುವ ಲಕ್ಷ್ಮೀಕಾಂತ ಸರ್ ಸಿದ್ಧರಾಮನ ಹೆಂಡತಿಯ ಅಣ್ಣ; ಸ್ಪರ್ಧೆಯ ಹಿಂದಿನ ದಿನ ತಂಗಿಯ ಮನೆಯಲ್ಲೇ ಉಳಿದಿದ್ದರು. ಸಿದ್ಧರಾಮ ಯಾರಿಗೂ ಹೇಳದ ಸಂಗತಿ ಬೇರೆ: ಪ್ರಶ್ನೆಗಳಿದ್ದ ಅವರ ಚೀಲ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಆ ಸಂಜೆ ತಯಾರಿಗೆಂದು ಬಂದಿದ್ದ ಛಾಯಾ ಅದರ ಕೆಳಗೇ ಗ್ಲೋಬ್ ತಿರುಗಿಸುತ್ತ ಓದಿದ್ದಳು.

ಮುಂದಿನದು ಸೊಲ್ಲಾಪುರದ ಸುತ್ತು; ಅದನ್ನು ಗೆದ್ದ ಒಬ್ಬರಿಗಷ್ಟೇ ಪುಣೆಯ ಸುತ್ತು. ಅಲ್ಲಿಗೆ ಹೋದವರಿಗೆ ಹವಾಮಾನ ಕಚೇರಿ ತೋರಿಸುತ್ತಾರಂತೆ. ಸ್ಪರ್ಧೆಯ ಸುದ್ದಿ ಬಂದಾಗಿನಿಂದ ಕುರಿ ಕಾಯುವ ಮನೆಯ ಈ ಹುಡುಗಿ ಗಣಿತದ ತಾಸಿನಲ್ಲೂ ಮಾನ್ಸೂನ್ ಬಗ್ಗೆ ಕೇಳುತ್ತಿದ್ದಳು. ಪುಣೆಯ ಆಸೆಗೆ ಚೀಲಕ್ಕೆ ಕೈ ಹಾಕಿದ್ದರೆ?

ವಳಸಂಗಕ್ಕೆ ಮರಳುವ ಬಸ್ಸಿನಲ್ಲಿ ಸಿದ್ಧರಾಮ ಕೇಳಿಯೇಬಿಟ್ಟ.

"ಛಾಯಾ, ಖರೇ ಹೇಳು. ಪೂರ್ತಿ ಕೇಳೂಕಿಂತ ಮದ್ಲ ನಿನಗ ಹ್ಯಾಂಗ ಗೊತ್ತಾಗ್ತದ?"

"ಗೊತ್ತಾಗ್ತದ್ರಿ."

"ಅದೇ, ಹ್ಯಾಂಗ?"

"ಹೇಳಿದ್ರ ಮುಂದ ಗೊತ್ತಾಗೂದಿಲ್ರಿ ಸರ್."

ಕಳ್ಳರು ಹೀಗೇ ಹೇಳುತ್ತಾರೆ. ಜಾದೂಗಾರರೂ ಹೇಳುತ್ತಾರೆ ಎಂದು ಸಿದ್ಧರಾಮ ಸಮಾಧಾನ ಮಾಡಿಕೊಂಡ. ಆ ಸಮಾಧಾನ ವಳಸಂಗದ ಹಿಂದಿನ ಸ್ಟಾಪಿನಲ್ಲೇ ಇಳಿದುಹೋಯಿತು.

ಸೊಲ್ಲಾಪುರದ ಸುತ್ತು ನಡೆದದ್ದು ವಿಜಾಪುರ ರಸ್ತೆಯ ಒಂದು ಸಭಾಗೃಹದಲ್ಲಿ. ಬಸಯ್ಯನವರ ಹಟಕ್ಕೆ ಲಕ್ಷ್ಮೀಕಾಂತ ಸರ್ ಅಂದೇ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೊಸ ಪ್ರಶ್ನೆ ತೆಗೆದಿದ್ದರು. ಬಾಗಿಲ ಕಾವಲಿಗೆ ಸ್ವತಃ ಬಸಯ್ಯನವರು.

"ಎರಡು ಸಮುದ್ರಗಳನ್ನು ಕೂಡಿಸುವ..."

"ಬಾಸ್ಫೊರಸ್," ಎಂದಳು ಛಾಯಾ.

ಸಭಾಗೃಹ ಗುಜುಗುಜು ಎಂದಿತು. ಸಿದ್ಧರಾಮ ಮೊದಲ ಸಲ ಅವಳ ಉತ್ತರ ಬಿಟ್ಟು ಅವಳ ಕಣ್ಣನ್ನು ಗಮನಿಸಿದ. ಅವಳು ನೋಡುತ್ತಿದ್ದದ್ದು ಲಕ್ಷ್ಮೀಕಾಂತ ಸರ್ ಬಾಯನ್ನಲ್ಲ, ಕೊರಳ ಪಟ್ಟಿಯನ್ನು. ಅಷ್ಟರಲ್ಲಿ ಬಸಯ್ಯ ಎದ್ದು ನಿಂತಿದ್ದರು.

"ಸ್ಪರ್ಧಾ ಬಂದ್ ಮಾಡ್ರಿ. ಈಕೀನ್ನ ಎಬ್ಬಸ್ರಿ."

ಸಂಘಟಕರೂ ಹೌದೆಂದು ತಲೆಯಾಡಿಸಿದರು. ಸಿದ್ಧರಾಮ ವೇದಿಕೆಯ ಹತ್ತಿರ ಹೋದ. "ಛಾಯಾ, ಈಗರೆ ಹೇಳವ್ವಾ. ಹೇಳಲಿಲ್ಲಂದ್ರ ಪುಣೆ ಇಲ್ಲ."

ಅವಳು ಎದ್ದು ನಿಂತಳು. "ಸರ್ ಮದ್ಲ ನಕಾಶಾ ನೋಡ್ತಾರ್ರಿ, ಆಮ್ಯಾಲ ಕೇಳ್ತಾರ. ಕುರಿ ಬೆಳ್ಯಾಗ ಹೊಗೂಕಿಂತ ಮದ್ಲ ಮುಂದಿನ ಟಗರ ಕುತ್ತಿಗಿ ಹೊಳ್ಳಸ್ತದ್ರಿ. ಅದನ್ನ ನೋಡೇ ಅಡ್ಡ ಹೋಗಬೇಕು. ತಡಾ ಆದ್ರ ಬಸಯ್ಯಾ ಕಾಕಾನಂಥೋರು ಬೈತಾರ."

"ನಾ ಎಲ್ಲಿ ನಕಾಶಾ ನೋಡ್ತೀನಿ?" ಎಂದು ಕೇಳಿದ ಲಕ್ಷ್ಮೀಕಾಂತ ಸರ್, ಕೇಳುತ್ತಲೇ ಎದುರು ಗೋಡೆಯ ದೊಡ್ಡ ಜಗತ್ತಿನ ನಕಾಶೆಯ ಕಡೆ ನೋಡಿದರು. ಅಕ್ಕಲಕೋಟೆಯಲ್ಲೂ ಎದುರಿಗೆ ಇಂಥದೇ ಒಂದು ತೂಗುತ್ತಿತ್ತು. ವರ್ಷಗಟ್ಟಲೆ ಗೋಡೆ ತೋರಿಸಿ ಪಾಠ ಹೇಳಿದ ಕುತ್ತಿಗೆ ಅದು.

ಸತ್ಕಾರಕ್ಕೆಂದು ತಂದಿಟ್ಟಿದ್ದ ಚಾದರವನ್ನು ನಕಾಶೆಗೆ ಹೊದಿಸಿದರು. ಲಕ್ಷ್ಮೀಕಾಂತ ಸರ್ ಗಂಟಲು ಸರಿಮಾಡಿಕೊಂಡು "ಮಹಿಳೆಯರಿಗೆ ಮೊಟ್ಟಮೊದಲು..." ಅಂದರು. ಕುತ್ತಿಗೆ ಚಾದರದ ಬಲ ಕೆಳಮೂಲೆಗೆ ಹೊರಳಿತು.

"ನ್ಯೂಜಿಲೆಂಡ್. ಮತದಾನ," ಎಂದಳು ಛಾಯಾ.

"ಇನ್ನ ಸರ್ ಕುತ್ತಿಗಿಗೇ ಚಾದರ ಹೊಚ್ಚರಿ," ಅಂದರು ಬಸಯ್ಯ. ಜನ ನಕ್ಕರು, ಬಸಯ್ಯ ನಗಲಿಲ್ಲ. "ಇದು ಹುಶಾರಿ ಅಲ್ಲ, ಚಲಾಖಿ."

ಸಂಘಟಕರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದರು. ಅಂಕದಲ್ಲಿ ಮುಂದಿದ್ದ ಛಾಯಾ, ಕಾಂತೇಶ ಇಬ್ಬರಿಗೇ ಒಂದು ಪ್ರಶ್ನೆ, ಹೇಳಿದವರಿಗೆ ಪುಣೆ. ಕೇಳುವವರು ಮೇಲಿನ ಫ್ಯಾನನ್ನೇ ನೋಡುತ್ತ ಕೇಳಬೇಕು.

ಲಕ್ಷ್ಮೀಕಾಂತ ಸರ್ ಫ್ಯಾನಿಗೆ ಕೇಳಿದರು: "ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಎರಡು ಸಲ ದಾಟುವ ಭಾರತದ ನದಿ ಯಾವುದು?"

ಛಾಯಾಳ ಕೈ ಗಂಟೆಯ ಮೇಲೆ ಸುಮ್ಮನಿತ್ತು. ಕಾಂತೇಶ ಮೊದಲು ಒತ್ತಿ "ನರ್ಮದಾ" ಅಂದ. ತಪ್ಪು. ಛಾಯಾ ಕಣ್ಣು ಮುಚ್ಚಿದಳು. ಕೈಬೆರಳು ಮೇಜಿನ ಮೇಲೆ ಒಂದು ಗೆರೆ ಎಳೆಯಿತು, ಮೇಲೆ ಹೋಯಿತು, ತಿರುಗಿ ಕೆಳಗೆ ಬಂತು.

"ಮಾಹಿ ನದಿರಿ."

ಸರಿ. ಬಸಯ್ಯ ಚಾದರ ಎತ್ತಿ ಹಿಂದೆ ಏನಾದರೂ ಬರೆದಿದೆಯೋ ಎಂದು ನೋಡಿದರು.

ಸಂಜೆ ಛಾಯಾಳೂ ಇಬ್ಬರು ಮೇಷ್ಟ್ರೂ ವಳಸಂಗಕ್ಕೆ, ಸಿದ್ಧರಾಮನ ಮನೆಗೆ ಬಂದರು. ಲಕ್ಷ್ಮೀಕಾಂತ ಸರ್ ಚೀಲವನ್ನು ಅದೇ ಗೂಟಕ್ಕೆ ಹಾಕಿ, ಕುತ್ತಿಗೆ ನೀವಿಕೊಳ್ಳುತ್ತ ಚಹಾಕ್ಕೆ ಒಳಗೆ ಹೋದರು. ಪುಣೆಯ ತಯಾರಿಗೆ ಗ್ಲೋಬ್ ಒಯ್ಯಲು ಛಾಯಾ ಪಡಸಾಲೆಯಲ್ಲಿ ನಿಂತಿದ್ದಳು. ಸಿದ್ಧರಾಮನಿಗೆ ಒಂದು ಮಾತು ಕೇಳುವುದು ಉಳಿದಿತ್ತು. ಗೆದ್ದ ದಿನ ಕೇಳುವುದು ಹೇಗೆಂದು ಅವನು ಶಬ್ದ ಹುಡುಕುತ್ತಿದ್ದ.

"ನಾ ಮುಟ್ಟಿಲ್ರಿ ಸರ್," ಎಂದಳು ಛಾಯಾ.

ಸಿದ್ಧರಾಮ ಗೂಟದ ಕಡೆ ಹೊರಳಿದ್ದ ತನ್ನ ಕುತ್ತಿಗೆಯನ್ನು ಮೆಲ್ಲಗೆ ಈಚೆ ತಂದು, ಗ್ಲೋಬ್ ಅವಳ ಕೈಗೆ ಕೊಟ್ಟ.