ದಿಬ್ಬದ ಮೇಲಿನ ಜರ್ಮನಿ

ಹನಿ, ಗೋಣಿತಟ್ಟಿನ ಅಂಚಿಗೆ ಜೋತುಬಿದ್ದ ಒಂದು ಹನಿ, ಬಿತ್ತು, ಕೆಂಪು ಮಣ್ಣು ಗುಟುಕ್ಕನೆ ನುಂಗಿಬಿಟ್ಟಿತು, ಇನ್ನೊಂದು ಹನಿ ಬರಲಿಲ್ಲ — ತಟ್ಟು ಒಣಗುತ್ತಾ ಬಂತು, ಒಣಗಿದರೆ ಆಟೋದ ಟಾಪು ಕಾದ ಹಂಚಾಗುತ್ತದೆ, ಒಳಗೆ ಕೂತ ಮಗಳು ರೊಟ್ಟಿಯ ಹಾಗೆ ಬೇಯುತ್ತಾಳೆ, ಎರ್ರಿಸ್ವಾಮಿ ಬೇವಿನ ಗಿಡದ ಬುಡದಿಂದ ಎದ್ದು ಕೊಡದಿಂದ ಚೊಂಬಿನ ತುಂಬ ನೀರು ಮೊಗೆದು, ಹಸುಗೂಸಿನ ನೆತ್ತಿಗೆ ಎರೆಯುವವರ ಹಾಗೆ, ಟಾಪಿನ ಮೇಲೆ ಹಾಸಿದ ಗೋಣಿತಟ್ಟಿಗೆ ಸದ್ದಾಗದಂತೆ ಸುರಿದ, ಸದ್ದಾದರೆ ಫೋನಿನೊಳಗಿನ ಜರ್ಮನಿಯವರಿಗೆ ಕೇಳಿಸುತ್ತದೆ, ಕೇಳಿಸಿದರೆ ಕೇಳಿಸಲಿ ಬಿಡು, ಮೇ ತಿಂಗಳಲ್ಲಿ ಹೊಳಗುಂದದ ಕಡೆ ನೀರು ಬೀಳುವ ಸದ್ದು ಕೇಳುವುದೂ ಒಂದು ಪುಣ್ಯ. ಆಟೋವನ್ನು ನೆರಳಿಗೆ ತಂದರೆ ಸಿಗ್ನಲ್ ಹೋಗುತ್ತದೆ, ಸಿಗ್ನಲ್ ಇದ್ದಲ್ಲಿ ನೆರಳಿಲ್ಲ, ಎರಡೂ ಒಟ್ಟಿಗೆ ಬೇಕು ಅಂದರೆ ಆ ದೇವರೇ ಇಳಿದು ಬಂದು ಗಿಡವನ್ನು ಎರಡು ಮಾರು ಆಚೆ ಸರಿಸಬೇಕು. ಊರೊಳಗಂತೂ ಸಿಗ್ನಲ್ಲಿನ ಮಾತೇ ಬೇಡ, ಮನೆಯಲ್ಲಿ ಫೋನ್ ಹಿಡಿದರೆ ಗಾಣದೆತ್ತಿನಂತೆ ಗುಂಡಗೆ ತಿರುಗುತ್ತಿರುತ್ತದೆ, ಆದರೆ ಈ ದಿಬ್ಬ, ಆದವಾನಿಗೆ ಸೀಟು ತುಂಬಿಕೊಂಡು ಹೋಗುವಾಗಲೆಲ್ಲ ಇಲ್ಲಿಗೆ ಬಂದಕೂಡಲೇ ಎಲ್ಲರ ಜೇಬುಗಳೂ ಒಮ್ಮೆಗೇ ಹಾಡಲು ಶುರುಮಾಡುತ್ತಿದ್ದವು, ಆಗ ಯಾರಿಗೆ ಗೊತ್ತಿತ್ತು, ಒಂದು ದಿನ ಸೀಟುಗಳೇ ಇರುವುದಿಲ್ಲ, ರಸ್ತೆಯೇ ಬಂದ್ ಆಗುತ್ತದೆ, ಈ ಖಾಲಿ ಆಟೋದೊಳಗೆ ಒಂದು ಕಾಲೇಜು ಬಂದು ಕೂರುತ್ತದೆ ಅಂತ.

ಕಾಲೇಜು ಅಂದರೆ ಕಾಂಪೌಂಡು, ಗೇಟು, ಗೇಟಿನ ಮುಂದೆ ಮಿರ್ಚಿ ಬಂಡಿ, ಇಷ್ಟೇ ಅವನಿಗೆ ಗೊತ್ತಿದ್ದದ್ದು, ಹಾರಿಕಾ ಹಾಸ್ಟೆಲಿನಲ್ಲಿ ಹನ್ನೆರಡನೇ ಕ್ಲಾಸು, ಇಂಟರ್, ಮುಗಿಸಿ ಬಂದವಳು ಯಾವುದೋ ಪರೀಕ್ಷೆ ಫೋನಿನಲ್ಲೇ ಬರೆದಳು, ಜರ್ಮನಿಯಲ್ಲಿ ನೀರು ಮಣ್ಣು ಓದುವ ಕಾಲೇಜಂತೆ, ಓದಿನ ಖರ್ಚೂ ಊಟ ವಸತಿಯೂ ಎಲ್ಲ ಅವರದೇ ಅಂತೆ, ಅಪ್ಪಾ ನಾ ಸೆಲೆಕ್ಟ್ ಆದೆ ಅಂತ ಕುಣಿದಳು, ಅವನೂ ಕುಣಿದ, ಯಾಕೆ ಅಂತ ಗೊತ್ತಾಗುವ ಮೊದಲೇ ಕುಣಿದ, ಅಷ್ಟರಲ್ಲಿ ರೋಗ ಮತ್ತೆ ತಿರುಗಿತು, ವಿಮಾನ ಇಲ್ಲ, ವೀಸಾ ಇಲ್ಲ, ಈಗ ಬರಬೇಡಿ, ಮನೆಯಿಂದಲೇ ಶುರುಮಾಡಿ ಅಂತ ಅಲ್ಲಿಂದ ಹೇಳಿಕಳಿಸಿದರು, ಮಗಳ ಮುಖ ಬಾಡಿತು, ಆಗ ಅವ್ವ, ಉಚ್ಚಮ್ಮ, ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಛಲೋ ಆತಲ್ಲೇ, ಹುಡುಗಿನ್ನ ಕರಕೊಂಡು ಹೋಗಂಗಿಲ್ಲ, ತಾನ ನಮ್ಮನಿಗೆ ಬರತೈತಿ, ಇದು ಕಾಲೇಜಲ್ಲ, ಮನಿ ಅಳಿಯ, ಅಂದಳು. ಮನೆ ಅಳಿಯನಿಗೆ ಉಪಚಾರ ಬೇಡವೇ, ಮೊದಲ ದಿನ ಅವನು ಆಟೋ ತಿಕ್ಕಿ ತೊಳೆದ, ಹೆಂಡತಿ ಭಾಗ್ಯ ಗಾಜಿಗೆ ಕುಂಕುಮ ಇಟ್ಟಳು, ಗಾಲಿಗೆ ನಿಂಬೆಹಣ್ಣು ಇಟ್ಟಳು, ಎರ್ರಿಸ್ವಾಮಿ ಅದರ ಮೇಲೆ ಹಾಯಿಸಿ ದಿಬ್ಬ ಹತ್ತಿಸಿದ, ತನ್ನ ಸೀಟಿನ ಹಿಂದಿನ ಕಂಬಿಗೆ ಫೋನ್ ಕಟ್ಟಿದ, ಎರಡೂ ಬದಿಗೆ ಸೀರೆ ಇಳಿಬಿಟ್ಟ, ಅಲ್ಲಿ ಆಗತಾನೆ ಬೆಳಗಾಗಿತ್ತಂತೆ, ಇಲ್ಲಿ ಮಟಮಟ ಮಧ್ಯಾಹ್ನ, ಫೋನಿನೊಳಗಿಂದ ಗಡಸು ದನಿಯ ಒಬ್ಬ ಮೇಡಂ ಒಂದೊಂದೇ ಹೆಸರು ಕೂಗಿದಳು, ಹರ್ರೀಕಾ ಅಂದಳು, ತನ್ನ ಮಗಳ ಹೆಸರು ಅಷ್ಟು ದೂರ ಹೋಗಿ ಬೇರೆ ಬಟ್ಟೆ ಹಾಕಿಕೊಂಡು ತಿರುಗಿ ಬಂದದ್ದು ಕೇಳಿ ಅವನ ಮೈ ಜುಮ್ಮೆಂದಿತು.

ಆದರೆ ಮಗಳ ದನಿ ಬರಲಿಲ್ಲ. ಗಿಡದ ಕೆಳಗೆ ಟವೆಲ್ ಮುಖಕ್ಕೆ ಹಾಕಿಕೊಂಡು ನಿದ್ದೆ ಬಂದವನ ಹಾಗೆ ಮಲಗಿ ದಿನಾ ಕಿವಿ ಅತ್ತಲೇ ಇಟ್ಟಿರುತ್ತಿದ್ದ, ಯಾರ್ಯಾರೋ ಮಾತಾಡುತ್ತಿದ್ದರು, ಮೂಗಿನಲ್ಲಿ ಮಾತಾಡುವ ಒಬ್ಬ ಹುಡುಗ, ಮಾತಿಗೊಮ್ಮೆ ನಗುವ ಒಬ್ಬ ಹುಡುಗಿ, ಹಾರಿಕಾ ಮಾತ್ರ ಇಲ್ಲ, ಮನೆಯಲ್ಲಿ ಅಜ್ಜಿಯ ಬಾಯಿಗೇ ಎದುರು ಬಾಯಿ ಕೊಡುವವಳು, ತೆಲುಗಿನಲ್ಲಿ ಶುರುಮಾಡಿದ ಜಗಳವನ್ನು ಕನ್ನಡದಲ್ಲಿ ಮುಗಿಸುವವಳು, ಆಟೋದೊಳಗೆ ಹೋದರೆ ಬಾಯಿಗೆ ಬೀಗ — ಕಳೆದ ವಾರ ಕ್ಲಾಸು ಮುಗಿದ ಮೇಲೆ ಸೀರೆ ಸರಿಸಿ ಹೊರಗೆ ಬಂದಳು, ಅಪ್ಪಾ ನಾ ಬಿಡ್ತೀನಿ, ಕರ್ನೂಲಾಗ ಡಿಗ್ರಿ ಸೇರ್ತೀನಿ, ನಾ ಮನಸಿನಾಗ ಮಾತು ಜೋಡಸ್ಕೊಳ್ಳೋ ಹೊತ್ತಿಗೆ ಅವ್ರು ಮುಂದಿನ ಮಾತಿಗೆ ಹೋಗಿರ್ತಾರ, ಮುಂದಿನ ವಾರ ಒಬ್ಬೊಬ್ರೂ ತಮ್ಮೂರ ನೀರಿನ ಬಗ್ಗೆ ಮಾತಾಡಬೇಕಂತ, ಮಾತಾಡದಿದ್ರ ಈ ಸಲದ ಓದು ಲೆಕ್ಕಕ್ಕ ಬರಂಗಿಲ್ಲಂತ. ಅವನು ಆಟೋ ಸ್ಟಾರ್ಟ್ ಮಾಡಿದ, ಮನೆವರೆಗೂ ಇಂಜಿನ್ನೇ ಮಾತಾಡಿತು. ಹೇಳಿದವಳು ಭಾಗ್ಯ, ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ತಲೆ ಎತ್ತದೆ, ನಿಮ್ಮಪ್ಪ ಆಟೋ ಕಲಿತ ಮೊದಲನೇ ದಿನ ಎಲ್ಲಿಗೆ ಹೊಡೆದ ಗೊತ್ತೈತೇನು, ಸೀದಾ ತಿಪ್ಪಿಗೆ, ನಾ ಹೊಸ ಮದಲಗಿತ್ತಿ ಹಿಂದ ಕುಂತಿದ್ದೆ, ತಿಪ್ಪ್ಯಾಗ ಕುಂತಗೊಂಡ ಊರಿನ ಮಂದಿನ್ನೆಲ್ಲ ನೋಡಿದೆ, ನೀನೂ ಒಂದ್ಸಲ ತಿಪ್ಪಿಗೆ ಹೊಡದು ಬಾ, ಆಮ್ಯಾಲೆ ಬಿಡೋ ಮಾತು. ಹಾರಿಕಾ ಅಳುತ್ತಿದ್ದವಳು ಮೂಗು ಒರೆಸಿಕೊಂಡು ನಕ್ಕಳು, ಅವನಿಗೆ ನಾಚಿಕೆಯಾಯಿತು, ಆದರೂ ಅವನೂ ನಕ್ಕ, ಇಪ್ಪತ್ತು ವರ್ಷದ ಹಿಂದಿನ ತಿಪ್ಪೆ ಇವತ್ತು ಉಪಯೋಗಕ್ಕೆ ಬಂತಲ್ಲ.

ಇವತ್ತೇ ಆ ದಿನ. ಬೆಳಗಿನಿಂದ ಉಂಡಿಲ್ಲ ಅವಳು, ಅವನೂ ಉಂಡಿಲ್ಲ, ಬುತ್ತಿ ಗಂಟು ಕೊಂಬೆಗೆ ನೇತಾಡುತ್ತಿದೆ, ಇರುವೆ ಹತ್ತದಿರಲಿ, ಹನ್ನೆರಡಕ್ಕೆ ಕರ್ಫ್ಯೂ, ಆಮೇಲೆ ರಸ್ತೆಯಲ್ಲಿ ನಾಯಿಯೂ ಇಲ್ಲ, ಆದವಾನಿ ಸ್ಟ್ಯಾಂಡಿನಲ್ಲಿ ಕೇಳದೆಯೇ ಅರ್ಧ ಚಹಾ ಮುಂದಿಡುತ್ತಿದ್ದ ಹನುಮಣ್ಣ, ಹೋದ ತಿಂಗಳು ಆಸ್ಪತ್ರೆಗೆ ನಡೆದುಕೊಂಡೇ ಹೋದವನು — ಬೇಡ, ಇವತ್ತು ಅದು ಬೇಡ, ಹನುಮಣ್ಣ ಇದ್ದಿದ್ದರೆ ಅವನೇ ಬೇಡ ಅನ್ನುತ್ತಿದ್ದ, ಒಳಗೆ ಮೇಡಂ ಮಾತು, ಮೂಗಿನ ಹುಡುಗನ ಮಾತು, ಅವನ ಊರಿನ ನೀರು ಎಷ್ಟು ಉದ್ದವೋ, ಮುಗಿಯಲೊಲ್ಲದು, ಆಗ ಕೇಳಿಸಿತು, ಇಳಿಜಾರಿನಿಂದ ಬೈಕಿನ ಸದ್ದು, ಖಾಕಿ. ಕಾನ್ಸ್‌ಟೇಬಲ್ ಬೈಕ್ ನಿಲ್ಲಿಸಿ ಲಾಠಿ ಎಳೆದುಕೊಂಡು, ಏಂಟಯ್ಯಾ ಇದಿ, ಕರ್ಫ್ಯೂ ಅನಿ ತೆಲೀದಾ, ಕರ್ಫ್ಯೂ ಅಂತ ಗೊತ್ತಿಲ್ಲೇನು ಅಂತ ತೆಲುಗಿನಲ್ಲಿ ಬಾಯಿ ತೆಗೆದದ್ದೇ, ಎರ್ರಿಸ್ವಾಮಿಯ ಬೆರಳು ತಾನಾಗಿ ತುಟಿಗೆ ಹೋಯಿತು, ಶ್ಶ್ — ಪೊಲೀಸಿನವನಿಗೆ ಶ್ಶ್ ಅಂದುಬಿಟ್ಟೆ, ಶಿವನೇ, ಇಡೀ ಜನ್ಮದಲ್ಲಿ ಇಲ್ಲದ ಧೈರ್ಯ ಎಲ್ಲಿಂದ ಬಂತು, ಕಾನ್ಸ್‌ಟೇಬಲ್ಲೂ ಗಕ್ಕನೆ ಬಾಯಿ ಮುಚ್ಚಿದ, ಆಮೇಲೆ ಸಿಟ್ಟು ನೆನಪಾಗಿ, ಆದರೆ ಪಿಸುದನಿಯಲ್ಲೇ, ಏನ್ ನಡಸೀದಿ ಇಲ್ಲಿ. ಸಾರ್, ಕಾಲೇಜು ನಡದೈತ್ರಿ. ಎಲ್ಲಿ. ಆಟೋದಾಗ್ರಿ. ಯಾವ ಕಾಲೇಜು. ಜರ್ಮನಿದು ಸಾರ್. ಅವನು ಎರ್ರಿಸ್ವಾಮಿಯನ್ನು ಅಡಿಯಿಂದ ಮುಡಿಯವರೆಗೂ ನೋಡಿ, ಕುಡದೀಯೇನು, ಮಾಸ್ಕ್ ತೆಗದು ಊದು, ಅಂದವನು ಕೂಡಲೇ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, ಬ್ಯಾಡ ಬ್ಯಾಡ, ಊದಬ್ಯಾಡ, ಕೀ ತಾ, ಗಾಡಿ ಸ್ಟೇಷನ್ನಿಗೆ. ಕೀ ಕೊಟ್ಟ, ಒಂದು ಕ್ಷಣವೂ ತಡೆಯದೆ ಕೊಟ್ಟ, ಕೀ ತಗೊಳ್ರಿ, ಗಾಡಿನೂ ತಗೊಳ್ರಿ ಸಾರ್, ನನ್ನೂ ಬೇಕಾದ್ರ ಒಯ್ರಿ, ಆಕಿ ಮಾತೊಂದು ಮುಗೀಲಿ, ಇವತ್ತು ಮಾತಾಡದಿದ್ರ ಮಗಳ ಓದು ಹೋಗತೈತ್ರಿ.

ಅಷ್ಟರಲ್ಲಿ ಹರ್ರೀಕಾ ಅಂತ ಮೇಡಂ ಕರೆದಳು, ಇಬ್ಬರೂ ಆಟೋದ ಕಡೆ ತಿರುಗಿದರು, ಏನೂ ಇಲ್ಲ, ಬಿಸಿಗಾಳಿ, ಹೊಲದಾಚೆ ಯಾರದೋ ಕುರಿ, ಮಾತಾಡವ್ವಾ, ತಿಪ್ಪಿಗೆ ಹೊಡಿ, ಹೊಡಿ ನನ್ನವ್ವಾ, ಸೀರೆ ಅಲುಗಿತು, ಒಳಗೆ ಸೆಖೆಗೋ ಹೆದರಿಕೆಗೋ ಮಗಳು ಕಾಲು ಚಾಚಿದಳು, ಸೀರೆಯ ಕೆಳಗಿಂದ ಎರಡು ಹಿಮ್ಮಡಿ ಹೊರಗೆ ಬಂದವು, ಬಿಸಿಲಿಗೆ ಬಂದವು, ಮಣ್ಣು ಕೂತ ಸಣ್ಣ ಬಿರುಕುಗಳ ಎರಡು ಹಿಮ್ಮಡಿ, ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗಿ ನಿಂತಿವೆ, ಆಮೇಲೆ ದನಿ, ನಡುಗುವ, ತನ್ನ ಮಗಳದೇ ದನಿ, ಇಂಗ್ಲಿಷಿನಲ್ಲಿ. ಅವನಿಗೆ ಸಿಕ್ಕಿದ್ದು ಎರಡೇ ಮಾತು, ಹೊಳಗುಂದ, ತುಂಗಭದ್ರ, ಆ ಎರಡು ಕಲ್ಲಿನ ಮೇಲೆ ಕಾಲಿಟ್ಟು ಉಳಿದ ಹೊಳೆಯನ್ನು ಹೇಗೆ ದಾಟುವುದು, ಪಕ್ಕದಲ್ಲಿ ಕಾನ್ಸ್‌ಟೇಬಲ್ ಕಿವಿಯ ಹತ್ತಿರ ಬಗ್ಗಿ, ಕಾಲುವಿ ನೀರು ನಮ್ಮೂರಿಗೆ ಬರೋ ಹೊತ್ತಿಗೆ ಸಣ್ಣಗಾಗಿರತೈತಿ ಅಂತಾಳ, ಅಂದ, ಅವನು ಡಿಗ್ರಿ ಓದಿದವನಂತೆ, ಹೆಸರು ವೆಂಕಟೇಶ ಅಂತ ಅಂಗಿಯ ಮೇಲೆ ಬರೆದಿದೆ, ಈಗ ನಳದ ಬಗ್ಗೆ, ನಳ ಯಾವಾಗ ಬರತೈತೋ ಗೊತ್ತಿಲ್ಲ, ಅದಕ್ಕ ಕೊಡ ಬಿಟ್ಟು ಬರಂಗಿಲ್ಲ, ಸರತಿ ಹಿಡಿಯಾಕ ಕಲ್ಲು ಇಟ್ಟು ಬರ್ತಾರ ಅಂತಾಳ, ಈ ಕಲ್ಲು ನಂದು, ಆ ಕಲ್ಲು ನಿಂದು — ಅವರಜ್ಜಿ ಒಮ್ಮೆ ಬ್ಯಾರೇದವರ ಕಲ್ಲು ಹಿಂದ ಸರಿಸಿ, ಕಲ್ಲಿಗೆ ಕಾಲು ಬಂದಾವ ನಾನೇನ್ ಮಾಡ್ಲಿ ಅಂದಳಂತ, ಹೌದೇನು? ಹೌದ್ರಿ ಸಾರ್, ನಮ್ಮವ್ವನ, ಹೌದು. ಕಾನ್ಸ್‌ಟೇಬಲ್ ಮಾಸ್ಕಿನೊಳಗೆ ನಗು ತಡೆಯಲಾರದೆ ಭುಜ ಕುಣಿಸಿದ, ಫೋನಿನೊಳಗೂ ನಗು, ಒಬ್ಬರದಲ್ಲ, ಎಲ್ಲರದೂ, ಮೂಗಿನ ಹುಡುಗನದೂ, ಊರು ಊರಿನ ನಗು ಒಂದೇ ಆಟೋದಲ್ಲಿ ಕೂತು ಕುಲುಕಿದ ಹಾಗೆ, ಒತ್ತಿಕೊಂಡಿದ್ದ ಹಿಮ್ಮಡಿಗಳು ಬಿಟ್ಟುಕೊಂಡವು, ಒಂದು ಸಣ್ಣಗೆ ತಾಳ ಹಾಕತೊಡಗಿತು.

ಮೇಡಂ ಏನೋ ಕೇಳುತ್ತಿದ್ದಾಳೆ, ಏನು ಸಾರ್, ತಪ್ಪಾತೇನು, ಅಲ್ಲ, ತಡಿ, ಆ ಕಲ್ಲಿಗೆ ನಿಮ್ಮ ಭಾಷಾದಾಗ ಏನಂತಾರ ಅಂತ ಕೇಳ್ತಾಳ, ಪಾಳಿಕಲ್ಲು, ಹಾರಿಕಾ ಸ್ಪಷ್ಟವಾಗಿ ಅಂದಳು, ಪಾಳಿಕಲ್ಲು, ಆಮೇಲೆ ಮೇಡಂ, ಪಾಲಿಕಲು, ಮೂಗಿನ ಹುಡುಗ, ಪಾಲೀಕಾಲ್, ನಗುವ ಹುಡುಗಿ ಬೇರೆಯೇ ಏನೋ, ಉಚ್ಚಮ್ಮನ ಪಾಳಿಕಲ್ಲು ಯಾರ್ಯಾರ ಬಾಯಲ್ಲೋ ಉರುಳುತ್ತಿದೆ, ಮಗಳು ಜೋರಾಗಿ, ಅಳುಕೇ ಇಲ್ಲದೆ ನೋ ನೋ ಅಂತ ತಿದ್ದುತ್ತಿದ್ದಾಳೆ, ಳ, ಳ, ಮನೆಯಲ್ಲಿ ಬಾಯಿಗೆ ಬಾಯಿ ಕೊಡುವ ಅದೇ ದನಿ, ಇದು ಎಲ್ಲಿ ಹೋಗಿತ್ತು ಇಷ್ಟು ದಿನ. ಪಾಸ್ ಅಂತ ಹೇಳಿದ್ರು, ಕಾನ್ಸ್‌ಟೇಬಲ್ ಅಂದ, ಭಾಳ ಛಲೋ ಅಂದ್ರು, ಚಳಿಗಾಲಕ್ಕ ಬಾ, ದಾರಿ ನೋಡ್ತೀವಿ ಅಂದ್ರು, ಮುಗಿದ ಕೂಡ್ಲೇ ಸೀದಾ ಮನಿಗೆ ಹೋಗ್ರಿ, ಇನ್ನೊಬ್ರು ಬಂದ್ರ ನನ್ನಂಗ ಬಿಡಂಗಿಲ್ಲ, ಎರ್ರಿಸ್ವಾಮಿಯ ಅಂಗೈಯಲ್ಲಿ ಕೀ ಇಟ್ಟ, ಬೈಕ್ ಸ್ಟಾರ್ಟ್ ಮಾಡದೆ ಇಳಿಜಾರಿನವರೆಗೂ ದೂಡಿಕೊಂಡೇ ಹೋದ, ಪುಣ್ಯಾತ್ಮ. ಚಳಿಗಾಲ, ಚಳಿಗಾಲ ಅಂದರೆ ದೀಪಾವಳಿಯಾದ ಮೇಲೆ, ಸ್ವೆಟರ್ ಬೇಕು, ನಮ್ಮ ಕಂಬಳಿ ಒಯ್ಯಲಿ, ವಿಮಾನದಲ್ಲಿ ಕಂಬಳಿ ಬಿಡುತ್ತಾರೋ ಇಲ್ಲವೋ, ಭಾಗ್ಯಳಿಗೆ ಹೇಳಬೇಕು, ಅವ್ವನಿಗೆ ಹೇಳಬೇಕು, ನಿನ್ನ ಕಲ್ಲು ಜರ್ಮನಿ ಮುಟ್ಟಿತು ಅಂತ, ಮಗಳು ಹೋದ ಮೇಲೆ ಈ ದಿಬ್ಬದ ಮೇಲೆ ಬಂದು ನಾನು ಯಾರಿಗೆ ನೀರು — ಆಗಲಿ, ಆಮೇಲಿನದು ಆಮೇಲೆ, ಒಳಗೆ ಹಾರಿಕಾ ಅದೇನನ್ನೋ ಕೇಳಿ ನಕ್ಕಳು, ಹೊಟ್ಟೆ ಹಿಡಿದು, ಉಸಿರು ಕಟ್ಟಿ, ಆ ಹಿಮ್ಮಡಿಗಳು ಎರಡೂ ಒಮ್ಮೆಗೇ ಮೇಲೆ ಹಾರಿದವು, ಬಿಸಿಲಿನಲ್ಲಿ ಗಾಳಿ ಒದ್ದವು, ಮತ್ತೆ, ಅವನು ಹೆಜ್ಜೆ ಕಿತ್ತಿಡಲಾರದೆ ನಿಂತ, ಕೈಯಲ್ಲಿ ಕೀ, ಕಣ್ಣ ಮುಂದೆ ಎರಡು ಹಿಮ್ಮಡಿ, ಮಣ್ಣು ಮೆತ್ತಿದ ಆ ಎರಡು ಹಿಮ್ಮಡಿ, ನೆಲ ಮುಟ್ಟದೆ, ಗಾಳಿಯಲ್ಲಿ —