ಸಣ್ಣ ಉರಿ

ನನ್ನ ಅಕ್ಕ ಮೋಂಜಿಯಾಗೆ ವಾಸನೆ ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ ಬಂದ ಜ್ವರ ಎರಡು ವಾರದಲ್ಲಿ ಬಿಟ್ಟಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಆದರೂ ಪ್ರತಿ ಏಪ್ರಿಲ್‌ನಲ್ಲಿ ಅವಳು ಕಹಿ ಕಿತ್ತಳೆ ಹೂವಿನ ನೀರು ಇಳಿಸುವುದನ್ನು ಬಿಟ್ಟಿಲ್ಲ. ಟ್ಯೂನಿಸ್ ಕಡೆಯ ನಮ್ಮ ನಾಬೆಲ್ ಊರಲ್ಲಿ ಹೂವಿನ ನೀರು ಇಳಿಸದ ಮನೆ ಕಡಿಮೆ. ಆದರೆ ಅರವತ್ತೆಂಟು ವಯಸ್ಸಿನಲ್ಲಿ, ಮೂಗಿಲ್ಲದೆ, ತಾಮ್ರದ ಹಂಡೆ ಎತ್ತಿಕೊಂಡು ಕೂರುವ ಹೆಂಗಸು ಬಹುಶಃ ಅವಳೊಬ್ಬಳೇ.

ಆ ನೀರು ಹನ್ನೊಂದು ಮನೆಗೆ ಹೋಗುತ್ತದೆ. ತಂಗಿಯರ ಮನೆ, ಚಿಕ್ಕಪ್ಪನ ಮಕ್ಕಳ ಮನೆ, ಬೀದಿಯ ಕೊನೆಯ ದರ್ಜಿಯ ಮನೆ. ಮಗುವಿನ ಹೊಟ್ಟೆನೋವಿಗೆ, ಕಾಫಿಗೆ, ಹಬ್ಬದ ಮಿಠಾಯಿಗೆ ಅದೇ ಬೇಕು. ಆದರೆ ಈ ವರ್ಷ ಒಳಗೊಳಗೇ ಒಂದು ಮಾತು ಓಡಾಡುತ್ತಿತ್ತು: ಮೂಗಿಲ್ಲದವಳು ಇಳಿಸಿದ ನೀರನ್ನು ಎಷ್ಟು ನಂಬುವುದು? ಮಾತು ಹುಟ್ಟಿಸಿದವಳು ಚಿಕ್ಕಪ್ಪನ ಮಗಳು ವಸೀಲಾ. ಅಕ್ಕನಿಗೂ ಅದು ತಲುಪಿತ್ತು. ಅದಕ್ಕೇ ನನ್ನನ್ನು ಕರೆಸಿದಳು.

"ನೀನು ಮೂಗು, ನಾನು ಕೈ," ಎಂದಳು ಫೋನಿನಲ್ಲಿ. "ಶನಿವಾರ ಒಂಬತ್ತಕ್ಕೆ ಬಾ. ಐದು ಗಂಟೆ ಕೆಲಸ."

ನಾನು ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. ಟ್ಯೂನಿಸ್ ಬಸ್ಸು ನಾಲ್ಕು ನಿಮಿಷ ತಡವಾದರೆ ಡ್ರೈವರನ ಹೆಸರು ಬರೆದಿಡುತ್ತಿದ್ದೆ. ಶನಿವಾರ ಮೂರು ಗಂಟೆಗೆ ಕಾಫಿ ಅಂಗಡಿಯಲ್ಲಿ ಫುಟ್‌ಬಾಲ್ ಪಂದ್ಯ ಇತ್ತು. ಒಂಬತ್ತಕ್ಕೆ ಐದು ಕೂಡಿಸಿದರೆ ಎರಡು. ಸಮಯ ಸಾಕು ಎಂದು ಹೋದೆ.

ಹೋಗಿ ನೋಡಿದರೆ ಅಕ್ಕ ಒಲೆಯನ್ನೇ ಹಚ್ಚಿಲ್ಲ. ಅಂಗಳದಲ್ಲಿ ಬಿಳಿ ಬಟ್ಟೆಯ ಮೇಲೆ ಹೂವು ಹರಡಿಕೊಂಡು, ಒಂದೊಂದಾಗಿ ಎಲೆ, ತೊಟ್ಟು ಆರಿಸುತ್ತಿದ್ದಳು. ಒಂದು ವಝ್ನಾ, ಅಂದರೆ ನಾಲ್ಕು ಕಿಲೋ, ಎರಡು ದೊಡ್ಡ ಸೀಸೆ ನೀರಿಗೆ ಆಗುವಷ್ಟು. ಅವಳ ಮರ ಈ ವರ್ಷ ಕೊಟ್ಟದ್ದು ಅಷ್ಟೇ.

"ಅಕ್ಕಾ, ನೀನು ಒಂಬತ್ತು ಅಂದಿದ್ದೆ."

"ನೀನು ಬರೋದು ಒಂಬತ್ತಕ್ಕೆ ಅಂದಿದ್ದೆ. ಒಲೆ ಹಚ್ಚೋದು ಒಂಬತ್ತಕ್ಕೆ ಅಂದಿದ್ನಾ? ಕೂತ್ಕೋ, ತೊಟ್ಟು ತೆಗಿ."

ಹತ್ತೂ ಇಪ್ಪತ್ತಕ್ಕೆ ಹಂಡೆ ಒಲೆಗೇರಿತು. ಹೂವು, ಮೇಲೆ ನೀರು, ಅದರ ಮೇಲೆ ತಣ್ಣೀರಿನ ತೊಟ್ಟಿ ಇರುವ ಮುಚ್ಚಳ, ಸಂದಿಗೆ ಹಿಟ್ಟು ಮೆತ್ತಿದ ಬಟ್ಟೆ. ಮುಚ್ಚಳದ ಕೊಳವೆ ಹುಲ್ಲು ಹೊದಿಸಿದ ದೊಡ್ಡ ಸೀಸೆಯ ಬಾಯಿಗೆ. ಗ್ಯಾಸಿನ ತಿರುಗಣೆಯನ್ನು ಅಕ್ಕ ಎಷ್ಟು ಸಣ್ಣಗೆ ಮಾಡಿದಳೆಂದರೆ, ಉರಿ ಇದೆಯೋ ಇಲ್ಲವೋ ಎಂದು ನಾನು ಬಗ್ಗಿ ನೋಡಬೇಕಾಯಿತು. ಮೊದಲ ಹನಿ ಬಿದ್ದದ್ದು ಹನ್ನೊಂದೂವರೆಗೆ. ಆಮೇಲೆ ಗಡಿಯಾರ ಹಿಡಿದು ಎಣಿಸಿದೆ: ನಿಮಿಷಕ್ಕೆ ಮೂವತ್ತೆಂಟು ಹನಿ.

"ಈ ಲೆಕ್ಕದಲ್ಲಿ ಎರಡು ಸೀಸೆ ತುಂಬೋಕೆ ನಾಳೆ ಆಗುತ್ತೆ."

"ಆಗಲ್ಲ, ಆಮೇಲೆ ವೇಗ ಬರುತ್ತೆ. ತೊಟ್ಟಿ ನೀರು ಬೆಚ್ಚಗಾಯ್ತಾ ನೋಡು."

ಬೆಚ್ಚಗಾಗಿತ್ತು. ಚೆಲ್ಲಿ ತಣ್ಣೀರು ತುಂಬಿದೆ. ಹತ್ತು ನಿಮಿಷಕ್ಕೆ ಮತ್ತೆ ಬೆಚ್ಚಗಾಯಿತು. ಮತ್ತೆ ಚೆಲ್ಲಿದೆ, ಮತ್ತೆ ತುಂಬಿದೆ. ನಡುವೆ ಅಕ್ಕ ಸುಮ್ಮನೆ ಕೂತಿದ್ದಳು. ಅದು ನನಗೆ ಸಹಿಸಲಾಗಲಿಲ್ಲ. ಕೈಯಲ್ಲಿ ಹೊಲಿಗೆಯಿಲ್ಲ, ರೇಡಿಯೋ ಇಲ್ಲ. ಹನಿಯ ಸದ್ದು ಕೇಳುತ್ತಾ ಕೂರುವುದೂ ಒಂದು ಕೆಲಸವೆನ್ನುವಂತೆ ಕೂತಿದ್ದಳು.

ಹನ್ನೆರಡೂ ಮುಕ್ಕಾಲಿಗೆ ಅವಳು ನಮಾಜಿಗೆ ಎದ್ದಳು. ಅದಾದ ಮೇಲೆ ಎರಡು ಬೀದಿ ಆಚೆ, ಹೆರಿಗೆಯಾದ ಮನೆಗೆ ಕುಸ್ಕುಸ್ ಊಟ ಕೊಟ್ಟು ಬರಬೇಕಿತ್ತು.

"ಉರಿ ಮುಟ್ಟಬೇಡ, ನಜೀಬ್. ನೀರು ಮಾತ್ರ ಬದಲಾಯಿಸು. ಇಷ್ಟೇ ಹೇಳೋದು."

"ಸರಿ, ಹೋಗು."

"ಸರಿ ಅಂತ ಬಾಯಲ್ಲಿ ಹೇಳ್ತೀಯ. ಕಾಲು ಆಗಲೇ ಕಾಫಿ ಅಂಗಡಿ ಕಡೆ ತಿರುಗಿದೆ."

ಅವಳು ಹೋದಮೇಲೆ ನಾನು ಏಳು ನಿಮಿಷ ತಡೆದೆ. ಮೊದಲ ಸೀಸೆ ಇನ್ನೂ ಮೂರನೇ ಒಂದು ಭಾಗವೂ ತುಂಬಿರಲಿಲ್ಲ. ತಿರುಗಣೆಯನ್ನು ಸ್ವಲ್ಪ ತಿರುಗಿಸಿದೆ. ಹನಿ ಚುರುಕಾಯಿತು. ಇನ್ನೂ ಸ್ವಲ್ಪ ತಿರುಗಿಸಿದೆ. ಹನಿಯ ಬದಲು ದಾರದಂತೆ ನೀರು ಬರತೊಡಗಿತು. ನೋಡಲು ಚೆನ್ನಾಗಿತ್ತು. ಇಷ್ಟು ಸುಲಭದ್ದನ್ನು ಇವರು ನೂರಾರು ವರ್ಷದಿಂದ ಯಾಕೆ ಕಷ್ಟ ಮಾಡಿಕೊಂಡಿದ್ದಾರೆ ಎಂದುಕೊಂಡೆ. ತೊಟ್ಟಿಯ ನೀರು ಕೈ ಸುಡುವಷ್ಟು ಬಿಸಿಯಾದಾಗ ಒಮ್ಮೆ ಬದಲಾಯಿಸಿದೆ, ಆಮೇಲೆ ಬೇಸರವಾಗಿ ಬಿಟ್ಟೆ. ಒಂದೂ ಮೂವತ್ತೈದಕ್ಕೆ ಮೊದಲ ಸೀಸೆ ತುಂಬಿತು. ಎರಡನೆಯದನ್ನು ಇಟ್ಟು, ಅವಳ ಹೆಜ್ಜೆ ಕೇಳಿಸಿದಾಗ ಉರಿ ತಗ್ಗಿಸಿದೆ.

ಆಗ ಮೂಗಿಗೆ ಬಡಿಯಿತು. ಬೆಂದ ಎಲೆಕೋಸಿನ ವಾಸನೆ, ಅದರ ಹಿಂದೆ ಸೀದದ್ದು. ಹೂವು ಹಂಡೆಯ ತಳ ಹಿಡಿದಿತ್ತು.

ಅಕ್ಕ ಬಾಗಿಲಲ್ಲಿ ನಿಂತು ತುಂಬಿದ ಸೀಸೆ ನೋಡಿದಳು. "ಇಷ್ಟು ಬೇಗ ತುಂಬ್ತಾ?"

"ಹೂವು ಚೆನ್ನಾಗಿತ್ತು."

"ಮೂಸಿ ನೋಡು. ಹೇಗಿದೆ ಹೇಳು."

ಸೀಸೆಯನ್ನು ಮೂಗಿನ ಹತ್ತಿರ ಹಿಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ," ಎಂದೆ.

ಅವಳು ಸೀಸೆಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿದಳು. ನಂತರ ಒಳಗಿನಿಂದ ಹನ್ನೊಂದು ಚಿಕ್ಕ ಸೀಸೆ ತಂದು ಸಾಲಾಗಿ ಇಟ್ಟಳು.

ಎರಡೂವರೆಗೆ ಎರಡನೆಯದೂ ತುಂಬಿತು. ನಾನು ಟೋಪಿ ತೆಗೆದುಕೊಂಡು ಬಾಗಿಲಿಗೆ ಬಂದೆ. ಎದುರಿಗೆ ವಸೀಲಾ.

"ಏನು ನಜೀಬಣ್ಣ, ಓಡ್ತಾ ಇದ್ದೀರಾ? ಲಲ್ಲಾ ಮೋಂಜಿಯಾ, ನನ್ನ ಪಾಲು ಇವತ್ತೇ ತಗೊಂಡು ಹೋಗ್ತೀನಿ. ನಾಳೆ ಮಗಳ ಮನೆಗೆ ಹೋಗಬೇಕು." ಮೊದಲು ತುಂಬಿದ ದೊಡ್ಡ ಸೀಸೆಯ ಬಿರಡೆ ತೆಗೆದಳು. ಮೂಸಿದಳು. ಮುಖ ಹಿಂದಕ್ಕೆ ಸರಿಯಿತು. ಇನ್ನೊಮ್ಮೆ ಮೂಸಿ, ಬಿರಡೆ ಮುಚ್ಚಿದಳು.

"ಲಲ್ಲಾ, ಬೇಜಾರು ಮಾಡ್ಕೋಬೇಡಿ. ಇದು ಸೀದು ಹೋಗಿದೆ. ನಿಮ್ಮ ತಪ್ಪಲ್ಲ, ಪಾಪ, ನಿಮಗೆ ಗೊತ್ತಾಗೋದಾದ್ರೂ ಹೇಗೆ? ನಾನು ಮೊದಲೇ ಹೇಳ್ತಿದ್ದೆ. ಮುಂದಿನ ವರ್ಷದಿಂದ ಎಲ್ಲರೂ ಅಂಗಡಿಯಿಂದ ತಂದುಬಿಡೋಣ. ನೀವೂ ಆರಾಮಾಗಿರಿ."

ಅಕ್ಕ ನನ್ನ ಕಡೆ ತಿರುಗಿದಳು. ಬಾಯಿಬಿಟ್ಟು ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೋ ಏನೋ.

"ಸುಟ್ಟಿದ್ದು ನಾನು," ಎಂದೆ. "ಅಕ್ಕ ಮನೇಲಿ ಇರಲಿಲ್ಲ. ಉರಿ ಜೋರು ಮಾಡಿದೆ. ಅವಳು ಕೇಳಿದಾಗ ಚೆನ್ನಾಗಿದೆ ಅಂತ ನಾನೇ ಹೇಳಿದೆ."

"ಯಾಕೆ?" ಎಂದಳು ವಸೀಲಾ.

"ಪಂದ್ಯ ಇತ್ತು."

ವಸೀಲಾ ನನ್ನನ್ನೂ ಟೋಪಿಯನ್ನೂ ನೋಡಿದಳು. "ಅರವತ್ತೊಂದು ವರ್ಷ ಆಯ್ತಲ್ಲ ನಿಮಗೆ," ಎಂದಷ್ಟೇ ಹೇಳಿ, ತನ್ನ ಪಾಲಿನ ಖಾಲಿ ಚಿಕ್ಕ ಸೀಸೆಯನ್ನು ಅಲ್ಲೇ ಬಿಟ್ಟು ಹೋದಳು.

ಅಕ್ಕ ಎರಡೂ ಸೀಸೆಗಳನ್ನು ಬಚ್ಚಲಿಗೆ ಸುರಿದಳು. "ಸುಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ಅಮ್ಮನೂ ಒಂದು ವರ್ಷ ಸುಟ್ಟಿದ್ಲು. ನಿನ್ನ ಕೂರಿಸಿದ್ದು ಮೂಗು ಅಂತ. ಮೂಗೇ ಸುಳ್ಳು ಹೇಳಿದ್ರೆ ನಾನೇನು ಮಾಡ್ಲಿ?"

ನಾನು ಪಂದ್ಯಕ್ಕೆ ಹೋಗಲಿಲ್ಲ. ಹೂವಿನ ಮಾರುಕಟ್ಟೆಗೆ ಹೋದೆ. ಋತು ಮುಗಿಯುತ್ತಾ ಬಂದಿತ್ತು, ಬುಟ್ಟಿಗಳು ಖಾಲಿ. ಭಾನುವಾರವೂ ಹೋದೆ. ಸೋಮವಾರ ಬೆಳಿಗ್ಗೆ ಊರಾಚೆಯ ಒಬ್ಬ ತೋಟದವನ ಹತ್ತಿರ ಎರಡು ಕಿಲೋ ಸಿಕ್ಕಿತು, ಅರ್ಧ ವಝ್ನಾ. ಅದನ್ನು ತಂದು ಅಂಗಳದ ಬಟ್ಟೆಯ ಮೇಲೆ ಸುರಿದು, ಹೇಳಿಸಿಕೊಳ್ಳದೆ ತೊಟ್ಟು ತೆಗೆಯಲು ಕೂತೆ.

ಈ ಸಲ ಅಕ್ಕ ಎಲ್ಲಿಗೂ ಹೋಗಲಿಲ್ಲ. ನಮಾಜನ್ನೂ ಹಂಡೆಯ ಪಕ್ಕದಲ್ಲೇ ಮಾಡಿದಳು. ಮೊದಲ ಹನಿ ಬಿದ್ದಾಗ ಕೇಳಿದಳು, "ಈಗ ಹೇಗಿದೆ?"

"ಹೂವಿನ ವಾಸನೆ."

"ಅದು ಕುರುಡನಿಗೂ ಗೊತ್ತು. ಸರಿಯಾಗಿ ಹೇಳು."

ಮತ್ತೆ ಮೂಸಿದೆ. ನಿಜ ಹೇಳಬೇಕೆಂದರೆ ಹೂವಿನ ವಾಸನೆ ಇನ್ನೂ ಬಂದಿರಲಿಲ್ಲ. "ಹಸಿ ಎಲೆ. ಎಲೆ ಹಿಸುಕಿದ ಹಾಗೆ."

"ಹಾಂ. ಆಮೇಲೆ?"

ಹತ್ತು ನಿಮಿಷಕ್ಕೊಮ್ಮೆ ನೀರು ಬದಲಾಯಿಸಬೇಕು, ಹತ್ತು ನಿಮಿಷಕ್ಕೊಮ್ಮೆ ವಾಸನೆ ಹೇಳಬೇಕು. ಎಲೆಯ ವಾಸನೆ ಸರಿದು ಕಿತ್ತಳೆ ಸಿಪ್ಪೆಯ ಕಟು ವಾಸನೆ ಬಂತು. ಅದೂ ಸರಿದು, ಹನ್ನೆರಡೂವರೆಯ ಸುಮಾರಿಗೆ, ಹೂವು ಬಂತು. ಅರವತ್ತು ವರ್ಷ ಈ ನೀರು ಕುಡಿದಿದ್ದೇನೆ. ಅದು ಹೀಗೆ ಒಂದೊಂದಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದು ನನಗೆ ಸಂತೋಷವಾಯಿತೆಂದಲ್ಲ. ಬೆನ್ನು ನೋಯುತ್ತಿತ್ತು, ಕಾಲು ಜೋಮು ಹಿಡಿದಿತ್ತು, ಅವಳ ಪ್ರಶ್ನೆ ಮುಗಿಯುತ್ತಿರಲಿಲ್ಲ.

"ಅಕ್ಕಾ, ನಿನಗೆ ಇದರ ವಾಸನೆ ಬರಲ್ಲ, ರುಚಿ ಬರಲ್ಲ. ಮತ್ತೆ ಯಾಕೆ ಈ ಗೋಳು?"

ಅವಳು ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದಳು. "ಸೀಸೆ ತುಂಬಿದ ಮೇಲೆ ಅದು ನಿಮ್ಮದು. ನೀವು ಕುಡೀತೀರ, ಮೂಸ್ತೀರ, ಹೊಗಳ್ತೀರ. ಈ ಐದು ಗಂಟೆ ನನ್ನದು. ಜ್ವರ ಬರೋಕೆ ಮುಂಚೆನೂ ನನ್ನದೇ ಆಗಿತ್ತು. ಅದನ್ನೂ ಕಿತ್ಕೋತೀರಾ? ನೀರು ಬದಲಾಯಿಸು."

ಬದಲಾಯಿಸಿದೆ.

ಮೂರು ಗಂಟೆಗೆ ಅವಳು ಸೀಸೆ ತೆಗೆಯಲು ಕೈ ಚಾಚಿದಳು. ನಾನು ಬಗ್ಗಿ ಮೂಸಿದೆ. "ತಡಿ. ಇನ್ನೂ ಹೂವೇ ಬರ್ತಾ ಇದೆ."

"ನಿಜವಾಗ್ಲೂ? ಇಲ್ಲಾ ನನ್ನ ಖುಷಿ ಮಾಡೋಕಾ?"

"ನಿಜ."

ಇಪ್ಪತ್ತು ನಿಮಿಷ ಬಿಟ್ಟು, ಬರೀ ನೀರಿನ ವಾಸನೆ ಬಂದಾಗ, ಸಾಕು ಎಂದೆ. ಅವಳು ಸೀಸೆ ತೆಗೆದು ಒಲೆ ಆರಿಸಿದಳು.

ಒಂದೇ ಸೀಸೆ. ಹನ್ನೊಂದಕ್ಕೆ ಹಂಚಿದಾಗ ಒಬ್ಬೊಬ್ಬರ ಚಿಕ್ಕ ಸೀಸೆ ಅರ್ಧವೂ ತುಂಬಲಿಲ್ಲ. ಸಂಜೆ ವಸೀಲಾ ಬಂದಳು. ನಾನೇ ಹೇಳಿ ಕಳಿಸಿದ್ದೆ. ಬಿರಡೆ ತೆಗೆದು, ಈ ಸಲ ಕಣ್ಣು ಮುಚ್ಚಿ ಮೂಸಿದಳು. ಒಂದು ಹನಿ ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟಳು.

"ಇದು ನಿಮ್ಮ ಕೈಯದೇ, ಲಲ್ಲಾ," ಎಂದಳು. "ಆದ್ರೆ ಇಷ್ಟೇನಾ? ವರ್ಷಕ್ಕೆ ಹೇಗೆ ಸಾಲುತ್ತೆ?"

"ಸಾಲಲ್ಲ," ಎಂದಳು ಅಕ್ಕ. "ಯಾಕೆ ಅಂತ ಇವನನ್ನ ಕೇಳು. ಉಳಿದ ಹತ್ತು ಮನೆಗೂ ಇವನೇ ತಗೊಂಡು ಹೋಗಿ, ಯಾಕೆ ಅಂತ ಇವನೇ ಹೇಳಿ ಬರ್ತಾನೆ."

ನಾನು ಬುಟ್ಟಿಯಲ್ಲಿ ಸೀಸೆ ಜೋಡಿಸತೊಡಗಿದೆ. ಮೊದಲು ದರ್ಜಿಯ ಮನೆ. ಆ ಮನುಷ್ಯ ಕೂರಿಸಿ ಕಾಫಿ ಕೊಡದೆ ಯಾರನ್ನೂ ಬಿಡುವುದಿಲ್ಲ, ಕಾಫಿಯನ್ನೂ ಬಿಸಿ ಮರಳಿನ ಮೇಲಿಟ್ಟು, ನಿಧಾನಕ್ಕೆ ಕಾಯಿಸುತ್ತಾನೆ.